ಗಂಟೆ ಹೊಡೆಯದ ಕಾಲೇಜಿನ ದಿನಚರಿ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಕರೆಯಿತು. ಆಮೇಲೆ ವಿಶ್ವವಿದ್ಯಾಲಯದ ಪಾಠ, ಪರೀಕ್ಷೆ ಎಲ್ಲವೂ ಮನೆಯ ಕೋಣೆಯೊಳಕ್ಕೆ ಬಂದವು. ಈ ಸಲದ ಪ್ರಶ್ನೆಗಳೆಲ್ಲ ಆ ಕೋಣೆಯಿಂದ ಬಂದವು.

ಪ್ರಶ್ನೆ: ರಾತ್ರಿ ಮೂರಾದರೂ ನಿದ್ದೆ ಬರುವುದಿಲ್ಲ. ಒಂಬತ್ತರ ಆನ್‌ಲೈನ್ ತರಗತಿಗೆ ಹಾಸಿಗೆಯಿಂದಲೇ ಸೇರಿ, ಹಾಜರಿ ಹಾಕಿಸಿಕೊಂಡು ಮತ್ತೆ ಮಲಗಿ ಹನ್ನೊಂದಕ್ಕೆ ಏಳುತ್ತೇನೆ. ಬೆಳಗಿನ ಐದಕ್ಕೆ ಏಳಬೇಕೆಂದು ಹೊರಟರೆ ಎರಡು ದಿನವೂ ನಡೆಯುವುದಿಲ್ಲ. ಏನು ಮಾಡಲಿ?

ಉತ್ತರ: ಐದರ ಯೋಚನೆಯನ್ನು ಮೊದಲು ಬಿಡಿ. ಅದು ಸೋಲುತ್ತಿರುವುದು ನಿಮ್ಮ ಸೋಮಾರಿತನದಿಂದಲ್ಲ. ನಿದ್ದೆ ಮುಗಿಯುವುದಕ್ಕೆ ಎರಡು–ಮೂರು ಗಂಟೆ ಮುಂಚೆ ಮೈಯ ಶಾಖ ದಿನದ ಅತಿ ಕೆಳಮಟ್ಟಕ್ಕೆ ಇಳಿಯುತ್ತದೆ. ಹನ್ನೊಂದಕ್ಕೆ ಏಳುವವರಿಗೆ ಅದು ಎಂಟು–ಒಂಬತ್ತರ ಹೊತ್ತು. ಆ ಘಟ್ಟ ದಾಟಿದ ಮೇಲೆ ಕಣ್ಣಿಗೆ ಬೀಳುವ ಬೆಳಕು ಮುಂದಿನ ರಾತ್ರಿಯ ನಿದ್ದೆಯನ್ನು ಬೇಗ ತರುತ್ತದೆ. ಅದಕ್ಕೂ ಮುಂಚೆ ಬಿದ್ದರೆ ಇನ್ನಷ್ಟು ತಡಮಾಡುತ್ತದೆ. ಐದಕ್ಕೆ ಎದ್ದು ದೀಪ ಹಾಕಿಕೊಂಡು ಕೂತರೆ ಮೈ ಅದನ್ನು ಸಂಜೆಯ ಬೆಳಕೆಂದೇ ಎಣಿಸುತ್ತದೆ.

ಮಲಗುವ ಹೊತ್ತಿನ ಗೊಡವೆಗೆ ಹೋಗದೆ ಏಳುವ ಹೊತ್ತನ್ನು ಹಿಡಿಯಿರಿ. ಎಂಟೂ ಮುಕ್ಕಾಲಿಗೆ ಎದ್ದು, ಮುಖ ತೊಳೆದು, ಮೇಜಿನ ಮುಂದೆ ಕೂತು ತರಗತಿಗೆ ಸೇರಿ. ಹತ್ತಕ್ಕೆ ತರಗತಿ ಮುಗಿದ ಕೂಡಲೇ ಹಾಸಿಗೆಗೆ ಹೋಗುವ ಬದಲು 20–30 ನಿಮಿಷ ಮಹಡಿಯ ಮೇಲೋ ಅಂಗಳದಲ್ಲೋ ಇರಿ. ಹೊರಗೆ ಹೋಗುವಂತಿಲ್ಲದಿದ್ದರೆ ತೆರೆದ ಕಿಟಕಿಗೆ ಮುಖ ಮಾಡಿ ಕೂರಿ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದರೆ ಕೋಣೆಯ ದೀಪ ಕೊಡುವುದು ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ಹಗಲಲ್ಲೂ ಬಯಲಿನಲ್ಲಿ ಸಾವಿರಗಟ್ಟಲೆ ಲಕ್ಸ್ ಬೆಳಕಿರುತ್ತದೆ. ಅದಕ್ಕೇ ಬಲ್ಬ್ ಉರಿಸಿದರೆ ಸಾಲದು.

ಮೊದಲ ಮೂರ್ನಾಲ್ಕು ದಿನ ಮಧ್ಯಾಹ್ನ ಕಣ್ಣು ಎಳೆಯುತ್ತದೆ. 20 ನಿಮಿಷ ಮಲಗಿ, ಅಲಾರಂ ಇಟ್ಟುಕೊಂಡೇ ಮಲಗಿ, ಮಧ್ಯಾಹ್ನ ಮೂರಕ್ಕೆ ಮುಂಚೆ ಮುಗಿಸಿ. ಆಮೇಲೆ ಮೂರು ದಿನಕ್ಕೊಮ್ಮೆ ಏಳುವ ಹೊತ್ತನ್ನು 20 ನಿಮಿಷ ಹಿಂದಕ್ಕೆ ತನ್ನಿ. ಏಳೂವರೆಗೆ ತಲುಪಲು ಎರಡು ವಾರ ಬೇಕು. ಕಾಫಿಯ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಸಂಜೆಯ ಲೋಟ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಮಧ್ಯಾಹ್ನ ಎರಡಕ್ಕೇ ಕಾಫಿ ನಿಲ್ಲಿಸಿ. ಎಲ್ಲವೂ ಕೆಡುವುದು ಭಾನುವಾರ. ಅವತ್ತು ಮಧ್ಯಾಹ್ನದವರೆಗೆ ಮಲಗಿದರೆ ವಾರದ ಗಳಿಕೆಯಲ್ಲಿ ಬಹುಪಾಲು ಹೋಯಿತು. ಒಂದು ಗಂಟೆಗಿಂತ ಹೆಚ್ಚು ಸಡಿಲ ಕೊಡಬೇಡಿ.

ಪ್ರಶ್ನೆ: ದಿನಕ್ಕೆ ಐದಾರು ಗಂಟೆ ಲ್ಯಾಪ್‌ಟಾಪ್ ಮುಂದೆ. ಕಣ್ಣುರಿ, ಕತ್ತು ನೋವು.

ಉತ್ತರ: ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಉರಿಗೆ ಮುಖ್ಯ ಕಾರಣ ಆ ಒಣಗುವಿಕೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ, ಆಗ ಬೇಕೆಂದೇ ಹತ್ತು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ಫ್ಯಾನಿನ ಗಾಳಿ ಮುಖಕ್ಕೆ ಬೀಸದಿರಲಿ.

ಕತ್ತು ನೋವಿಗೆ ಕಾರಣ ಲ್ಯಾಪ್‌ಟಾಪಿನ ರಚನೆಯೇ. ಕೀಲಿಮಣೆ ಕೈಗೆ ಸರಿಯಾದರೆ ಪರದೆ ತಗ್ಗುತ್ತದೆ, ಪರದೆ ಸರಿಯಾದರೆ ಕೈ ಮೇಲೇಳುತ್ತದೆ. ಪಾಠ ಕೇಳುವಾಗ ಟೈಪ್ ಮಾಡುವುದೇನೂ ಇಲ್ಲವಲ್ಲ, ದಪ್ಪ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಒಂದು ತೋಳಿನ ಉದ್ದ ದೂರವಿಡಿ, ಟಿಪ್ಪಣಿಯನ್ನು ಕೈಯಲ್ಲೇ ಬರೆಯಿರಿ. ಬರೆಯುವ ಕೆಲಸ ಹೆಚ್ಚಿದ್ದರೆ ಬೇರೆ ಕೀಲಿಮಣೆ ಕೊಳ್ಳುವುದು ಸಾರ್ಥಕವಾದ ಖರ್ಚು. ಕಾಲೇಜಿನಲ್ಲಿದ್ದರೆ ಒಂದು ಕೊಠಡಿಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದಿರಿ. ಎರಡು ತರಗತಿಗಳ ನಡುವಿನ ಹತ್ತು ನಿಮಿಷ ಈಗಲೂ ಆ ನಡಿಗೆಗೇ ಸೇರಲಿ. ಆ ಬಿಡುವಿನಲ್ಲಿ ಮೊಬೈಲ್ ನೋಡಿದರೆ ಕಣ್ಣಿಗೂ ಕತ್ತಿಗೂ ಬಿಡುವೇ ಸಿಗಲಿಲ್ಲ.

ಪ್ರಶ್ನೆ: ನನಗಿರುವುದು ಮೊಬೈಲ್ ಡೇಟಾ ಮಾತ್ರ. ತರಗತಿಗಳು ತಪ್ಪಿ ರೆಕಾರ್ಡಿಂಗ್‌ಗಳು ಗುಡ್ಡೆಯಾಗಿವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗುಂಪು ವಿಡಿಯೊ ಕರೆ ಗಂಟೆಗೆ ಸುಮಾರು 800 ಎಂಬಿಯಿಂದ 2 ಜಿಬಿವರೆಗೆ ಡೇಟಾ ತಿನ್ನುತ್ತದೆ. ಬರೀ ಧ್ವನಿಗೆ 30–40 ಎಂಬಿ ಸಾಕು. ಸ್ಲೈಡ್‌ಗಳನ್ನು ಮೊದಲೇ ಇಳಿಸಿಕೊಂಡಿದ್ದರೆ ಎಷ್ಟೋ ತರಗತಿಗಳನ್ನು ಧ್ವನಿಯಲ್ಲೇ ಕೇಳಬಹುದು. ಸ್ಲೈಡ್‌ಗಳನ್ನು ಹಿಂದಿನ ದಿನವೇ ಹಂಚುವಂತೆ ಅಧ್ಯಾಪಕರನ್ನು ಕೇಳಿ. ಇಡೀ ತರಗತಿಯ ಪರವಾಗಿ ಕೇಳಿದರೆ ಇನ್ನೂ ಒಳ್ಳೆಯದು.

ಗುಡ್ಡೆಯನ್ನು ಹಳೆಯದರಿಂದ ಕರಗಿಸಲು ಹೋಗಬೇಡಿ. ಹಾಗೆ ಮಾಡಿದವರು ಇವತ್ತಿನ ತರಗತಿಯನ್ನೂ ಕಳೆದುಕೊಳ್ಳುತ್ತಾರೆ, ಗುಡ್ಡೆ ಹಾಗೆಯೇ ಇರುತ್ತದೆ. ಇವತ್ತಿನದನ್ನು ಇವತ್ತೇ ಕೇಳಿ, ಜೊತೆಗೆ ಹಳೆಯದು ದಿನಕ್ಕೊಂದೇ. ಒಂದೂವರೆ ಪಟ್ಟು ವೇಗದಲ್ಲಿ 60 ನಿಮಿಷದ ಪಾಠ 40 ನಿಮಿಷಕ್ಕೆ ಮುಗಿಯುತ್ತದೆ. ಉಳಿದ 20 ನಿಮಿಷದಲ್ಲಿ ಪುಸ್ತಕ ಮುಚ್ಚಿ, ನೆನಪಿನಿಂದ ಒಂದು ಪುಟ ಬರೆಯಿರಿ. ಕಲಿತದ್ದು ತಲೆಯಲ್ಲಿ ಉಳಿಯುವುದು ಈ ಬರೆಯುವ ಹೊತ್ತಿನಲ್ಲಿ. ಲೆಕ್ಕ, ಸೂತ್ರಗಳ ಪಾಠಕ್ಕೆ ಮಾತ್ರ ವೇಗ ಹೆಚ್ಚಿಸಬೇಡಿ. ಪ್ರತಿ ಹಂತದ ಮುಂಚೆ ನಿಲ್ಲಿಸಿ, ಮುಂದಿನ ಸಾಲನ್ನು ನೀವೇ ಬಿಡಿಸಿ.

ಪ್ರಶ್ನೆ: ಆನ್‌ಲೈನ್ ಪರೀಕ್ಷೆಯಲ್ಲಿ ಬರೆದು ಮುಗಿಸಿದ್ದೆ, ಆದರೆ ಉತ್ತರಪತ್ರಿಕೆ ಅಪ್‌ಲೋಡ್ ಆಗುವಷ್ಟರಲ್ಲಿ ಸಮಯ ಮೀರಿತು. ಮುಂದಿನ ಸಲ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಅಪ್‌ಲೋಡನ್ನೂ ಪರೀಕ್ಷೆಯ ಒಂದು ಪ್ರಶ್ನೆಯೆಂದೇ ಎಣಿಸಿ 20 ನಿಮಿಷ ಎತ್ತಿಡಿ. ಹಾಳೆಗಳ ನೇರ ಫೋಟೊ ಒಂದೊಂದೂ 3–4 ಎಂಬಿ ಇರುತ್ತದೆ. 15 ಪುಟ ಸೇರಿದರೆ 50 ಎಂಬಿ. ಸ್ಕ್ಯಾನ್ ಆ್ಯಪ್‌ನಲ್ಲಿ ಪಿಡಿಎಫ್ ಮಾಡಿದರೆ ಅದೇ ಕೆಲವೇ ಎಂಬಿಗೆ ಇಳಿಯುತ್ತದೆ. ಪೂರ್ತಿ ಕಪ್ಪು–ಬಿಳುಪಿನ ಆಯ್ಕೆ ಬೇಡ, ಅದರಲ್ಲಿ ಚಿತ್ರಗಳ ತೆಳುಗೆರೆ ಅಳಿಸಿಹೋಗುತ್ತದೆ. ಬೂದುಬಣ್ಣದ ಆಯ್ಕೆ ಇರಲಿ. ಬೆಳಕು ಪಕ್ಕದ ಕಿಟಕಿಯಿಂದ ಬರಬೇಕು. ತಲೆಯ ಮೇಲಿನ ದೀಪದಡಿ ನಿಮ್ಮ ಕೈಯ ನೆರಳೇ ಹಾಳೆಯ ಮೇಲೆ ಬೀಳುತ್ತದೆ.

ಪ್ರತಿ ಹಾಳೆಯ ತುದಿಯಲ್ಲಿ ನೋಂದಣಿ ಸಂಖ್ಯೆ, ಪುಟಸಂಖ್ಯೆಗಳನ್ನು ಬರೆಯುವ ಮುಂಚೆಯೇ ಹಾಕಿಡಿ. ಒಂದು ಉತ್ತರ ಮುಗಿದಂತೆ ಅದನ್ನು ಸ್ಕ್ಯಾನ್ ಮಾಡುತ್ತ ಹೋದರೆ ಕೊನೆಗೆ ನೂಕುನುಗ್ಗಲು ಇರುವುದಿಲ್ಲ. ಕಳಿಸುವ ಮೊದಲು ಪಿಡಿಎಫ್ ತೆರೆದು ಪುಟ ಎಣಿಸಿ, ಕಳಿಸಿದ ಮೇಲೆ ಬರುವ ಸ್ವೀಕೃತಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇನ್ನೊಂದು ಎಚ್ಚರ: ಕೆಲವು ಫೋನುಗಳಲ್ಲಿ ಕರೆ ಬಂದರೆ ಡೇಟಾ ಕಡಿಯುತ್ತದೆ, ಸೈಲೆಂಟ್‌ನಲ್ಲಿಟ್ಟರೂ ಅಷ್ಟೇ. ಆ ಮೂರು ಗಂಟೆ ಕರೆಗಳನ್ನು ಮನೆಯವರ ಫೋನಿಗೆ ತಿರುಗಿಸಿ. ಸಂಪರ್ಕ ಹೋದರೆ ಬಳಸಲು ಇನ್ನೊಂದು ಫೋನಿನ ಹಾಟ್‌ಸ್ಪಾಟನ್ನು ಹಿಂದಿನ ದಿನವೇ ಜೋಡಿಸಿ ನೋಡಿರಬೇಕು.

ಪ್ರಶ್ನೆ: ನನಗೇ ಸೋಂಕು ತಗುಲಿ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಜ್ವರ ಕಡಿಮೆ. ಓದು ಮುಂದುವರಿಸಬಹುದೇ?

ಉತ್ತರ: ಮೊದಲು ವಿಭಾಗಕ್ಕೆ ಇಮೇಲ್ ಬರೆಯಿರಿ. ವರದಿಯ ಪ್ರತಿ, ಲಕ್ಷಣ ಶುರುವಾದ ದಿನಾಂಕ, ಆ ಅವಧಿಯಲ್ಲಿ ಬರುವ ಪರೀಕ್ಷೆ ಮತ್ತು ಅಸೈನ್‌ಮೆಂಟ್‌ಗಳ ಹೆಸರು ಅದರಲ್ಲಿರಲಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಲಕ್ಷಣ ಕಂಡ ದಿನದಿಂದ 10 ದಿನ, ಅದರ ಮೇಲೆ ಲಕ್ಷಣವಿಲ್ಲದ ಕನಿಷ್ಠ 3 ದಿನ ಪ್ರತ್ಯೇಕವಾಗಿರಬೇಕೆಂಬುದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಾಗಿತ್ತು. ಆದ್ದರಿಂದ ಆಗ ಎರಡು ವಾರದ ವಿನಾಯಿತಿ ಕೇಳುವುದು ನ್ಯಾಯವೇ ಆಗಿತ್ತು.

ಜ್ವರವಿರುವಷ್ಟು ದಿನ ಓದು ಬೇಡ. ಇಳಿದ ಮೇಲೆ ಅರ್ಧ ಗಂಟೆಯ ಎರಡು ಪಾಳಿ ಸಾಕು, ಆಯಾಸವಾದರೆ ಅದೂ ನಿಲ್ಲಲಿ. ರಕ್ತದ ಆಮ್ಲಜನಕದ ಮಟ್ಟ ಅಳೆಯುವ ಆಕ್ಸಿಮೀಟರನ್ನು ದಿನಕ್ಕೆ ಮೂರು ಸಲ ಬೆರಳಿಗೆ ಹಾಕಿ ಬರೆದಿಡಿ: ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗಿರುವಾಗ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾದು. ತಣ್ಣನೆಯ ಬೆರಳು, ಉಗುರುಬಣ್ಣ ತಪ್ಪು ಅಂಕಿ ತೋರಿಸುತ್ತವೆ. ಬೇರೆ ಬೆರಳಲ್ಲೂ 94ಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಉಸಿರಾಟ ಕಷ್ಟವಾದರೆ, ಪುಸ್ತಕ ಬದಿಗಿಟ್ಟು ತಕ್ಷಣ ವೈದ್ಯರಿಗೆ ಕರೆ ಮಾಡಿ.