ರೆಫರಲ್ ಚೀಟಿ ಮೊದಲು, ಅಡ್ಮಿಷನ್ ಆಮೇಲೆ

ಪ್ರಶ್ನೆ: ನಮ್ಮದು ಬಿಪಿಎಲ್ ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡೂ ಮಾಡಿಸಿದ್ದೇವೆ. ಅಪ್ಪನಿಗೆ ಬೈಪಾಸ್ ಆಗಬೇಕೆಂದು ಡಾಕ್ಟರು ಹೇಳಿದ್ದರಿಂದ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಈಗ ಕಾರ್ಡ್ ನಡೆಯುವುದಿಲ್ಲ, ಅಡ್ವಾನ್ಸ್ ಕಟ್ಟಿ ಅನ್ನುತ್ತಾರೆ. ಐದು ಲಕ್ಷ ಅಂದದ್ದು ಸುಳ್ಳೇ?
– ಬೋಟ್ ಕಾರ್ಮಿಕರು, ಮಲ್ಪೆ

ಉತ್ತರ: ಸುಳ್ಳಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಮೊದಲೇ ಇದ್ದ ಕಾಯಿಲೆ ಎಂಬ ತಕರಾರೂ ಇಲ್ಲಿಲ್ಲ. ಎಡವಿದ್ದು ದಾರಿಯಲ್ಲಿ. ನಮ್ಮ ರಾಜ್ಯದಲ್ಲಿ ಯೋಜಿತ ಶಸ್ತ್ರಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಸೌಲಭ್ಯ ಅಲ್ಲಿ ಇಲ್ಲದಿದ್ದರೆ ಅವರೇ ರೆಫರಲ್ ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಇದ್ದರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯವರು ಈ ಯೋಜನೆ ನಡೆಸುವ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಮುಂಚಿತ ಅನುಮತಿ ಕೇಳಬಹುದು.

ಆಪರೇಷನ್ ಇನ್ನೂ ಆಗಿಲ್ಲವಾದರೆ ಇವತ್ತೇ ಹೊರಡಿ. ಆಂಜಿಯೋಗ್ರಾಂ ವರದಿ, ಅಪ್ಪನ ಆಧಾರ್, ರೇಷನ್ ಕಾರ್ಡ್ ಹಿಡಿದುಕೊಂಡು ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು (ಈ ಯೋಜನೆಯ ಸಹಾಯಕ ಸಿಬ್ಬಂದಿ) ಕಾಣಿ. ಚೀಟಿ ಕೈಗೆ ಬಂದಾಗ ಅಲ್ಲೇ ನಿಂತು ಓದಿ: ಹೆಸರು ಆಧಾರಿನಲ್ಲಿ ಇದ್ದಂತೆಯೇ ಇದೆಯೇ, ಕಾಯಿಲೆ ಮತ್ತು ಚಿಕಿತ್ಸೆ ಸ್ಪಷ್ಟವಾಗಿ ಬರೆದಿದೆಯೇ, ವೈದ್ಯರ ಸಹಿ, ಸೀಲು ಬಿದ್ದಿದೆಯೇ. ನಮ್ಮ ಕರಾವಳಿಯಲ್ಲಿ ಆಧಾರಿನಲ್ಲಿ ಮನೆತನದ ಹೆಸರು ಸೇರಿಸಿ, ರೇಷನ್ ಕಾರ್ಡಿನಲ್ಲಿ ಬಿಟ್ಟಿರುವುದು ಬಹಳ. ಅದರಿಂದಲೇ ಎಷ್ಟೋ ಸಲ ಅನುಮತಿ ತಡವಾಗುತ್ತದೆ. ಆರೋಗ್ಯವಾಗಿರುವಾಗಲೇ ಸರಿಮಾಡಿಸಿಕೊಳ್ಳಬೇಕಾದ ಕೆಲಸ ಅದು.

ಸಾಲ ಮಾಡಿ ಹಣ ಕಟ್ಟಿ ಆಪರೇಷನ್ ಮಾಡಿಸಿ, ಆಮೇಲೆ ಬಿಲ್ ಕೊಟ್ಟು ಹಣ ಕೇಳೋಣ ಎಂದು ಮಾತ್ರ ಯೋಚಿಸಬೇಡಿ. ಇದು ನಗದುರಹಿತ ಯೋಜನೆ, ರೋಗಿಯ ಕೈಗೆ ಹಣ ಬರುವುದಿಲ್ಲ. ಹೃದಯಾಘಾತ, ಅಪಘಾತದ ಪೆಟ್ಟಿನಂಥ ತುರ್ತಿನ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಚೀಟಿ ಬೇಡ. ಯೋಜನೆಯಲ್ಲಿರುವ ಹತ್ತಿರದ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿಯೂ ಹಣ ಕೇಳಿದರೆ 104ಕ್ಕೆ ಕರೆ ಮಾಡಿ ದೂರು ಕೊಡಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಆಯುಷ್ಮಾನ್ ಕಾರ್ಡಿನಲ್ಲಿ ಎಪಿಎಲ್‌ನವರಿಗೆ ಶೇ. 30 ಸಿಗುತ್ತದೆ ಎಂದು ಕೇಳಿದ್ದೆ. ಎರಡು ಲಕ್ಷದ ಬಿಲ್ಲಿಗೆ 60 ಸಾವಿರ ಸಿಗಲಿಲ್ಲ, ಯಾಕೆ?
– ಗೃಹಿಣಿ, ಸುರತ್ಕಲ್

ಉತ್ತರ: ಶೇ. 30 ಲೆಕ್ಕ ಹಾಕುವುದು ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆಯ ಬಿಲ್ಲಿನ ಮೇಲಲ್ಲ. ಆ ಚಿಕಿತ್ಸೆಯ ಪ್ಯಾಕೇಜ್ 1 ಲಕ್ಷವಾದರೆ ಸಿಗುವುದು 30 ಸಾವಿರ. ಕುಟುಂಬಕ್ಕೆ ವರ್ಷದ ಮಿತಿ 1.5 ಲಕ್ಷ. ಸೇರುವ ಮೊದಲೇ ಪ್ಯಾಕೇಜ್ ದರ ಎಷ್ಟೆಂದು ಆರೋಗ್ಯ ಮಿತ್ರರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಎಪಿಎಲ್ ಮನೆಯವರು ಈ ಕಾರ್ಡ್ ನಂಬಿ ಖಾಸಗಿ ಪಾಲಿಸಿ ಕೈಬಿಡುವುದು ಸರಿಯಲ್ಲ.

ಪ್ರಶ್ನೆ: 3 ಲಕ್ಷದ ಖಾಸಗಿ ಪಾಲಿಸಿ ಇದೆ, ಬಿಲ್ಲು ಬರೀ 1.8 ಲಕ್ಷ. ಆದರೂ ಬಹಳ ಕಡಿತ ಮಾಡಿದ್ದಾರೆ.
– ನಿವೃತ್ತ ಶಿಕ್ಷಕರು, ಕಾರ್ಕಳ

ಉತ್ತರ: ರೂಮಿನ ಬಾಡಿಗೆ ನೋಡಿ. ಬಹಳ ಪಾಲಿಸಿಗಳಲ್ಲಿ ದಿನದ ಬಾಡಿಗೆಗೆ ವಿಮಾ ಮೊತ್ತದ ಶೇ. 1ರ ಮಿತಿ ಇರುತ್ತದೆ, ಅಂದರೆ ನಿಮಗೆ 3,000. ನೀವು 5,000ದ ರೂಮಿನಲ್ಲಿ ಇದ್ದಿದ್ದರೆ, ಡಾಕ್ಟರ ಫೀಸು, ನರ್ಸಿಂಗ್, ಆಪರೇಷನ್ ಥಿಯೇಟರಿನ ವೆಚ್ಚವೂ ಅದೇ ಅನುಪಾತದಲ್ಲಿ ಕತ್ತರಿಸಿ ಶೇ. 60 ಮಾತ್ರ ಕೊಡುತ್ತಾರೆ. ಆದರೆ ಔಷಧಿ, ಸ್ಟೆಂಟಿನಂಥ ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ. ಹಾಕಿದ್ದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಶೇ. 18 ಜಿಎಸ್‌ಟಿ ಇಲ್ಲ. ಉಳಿದ ಹಣದಲ್ಲಿ ರೂಮ್ ಮಿತಿ ಇಲ್ಲದ ಪಾಲಿಸಿ ಸಿಗುತ್ತದೆಯೇ ವಿಚಾರಿಸಿ.

ಪ್ರಶ್ನೆ: ಆಯುಷ್ಮಾನ್ ಕಾರ್ಡಿನ ಮೇಲೆ ಖಾಸಗಿ ಆಸ್ಪತ್ರೆಗಳಿಗೆ ಹೀಗೆ ಹಣ ಕೊಡುವ ಬದಲು ಸರ್ಕಾರ ಮಂಗಳೂರಿನ ತನ್ನದೇ ವೆನ್ಲಾಕ್ ಆಸ್ಪತ್ರೆಯನ್ನು ಬಲಪಡಿಸಬಾರದೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಬಲಪಡಿಸಲೇಬೇಕು. ರಾಜ್ಯದಲ್ಲಿ ಈ ಯೋಜನೆಗೆ ವಿಮಾ ಕಂಪನಿ ನಡುವೆ ಇಲ್ಲ, ಟ್ರಸ್ಟೇ ಆಸ್ಪತ್ರೆಗೆ ಹಣ ಕೊಡುತ್ತದೆ. ಪ್ಯಾಕೇಜ್ ದರ ಸಾಲುವುದಿಲ್ಲ, ಬಾಕಿ ಬೇಗ ಬರುವುದಿಲ್ಲ ಎಂಬುದು ಖಾಸಗಿಯವರ ದೂರು. ಆ ದೂರಿನಲ್ಲಿ ಹುರುಳಿದ್ದರೂ ಅದರ ಪೆಟ್ಟು ಬೀಳುವುದು ‘ಬೆಡ್ ಖಾಲಿ ಇಲ್ಲ’ ಎಂದು ಕೇಳಿಸಿಕೊಳ್ಳುವ ಬಡವನ ಮೇಲೆ. 1848ರಲ್ಲಿ ಶುರುವಾದ ವೆನ್ಲಾಕಿಗೆ ಬೆಡ್ ಇಲ್ಲ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಅಲ್ಲಿ ಕಾರ್ಡಿನ ಮೇಲೆ ಚಿಕಿತ್ಸೆ ಕೊಟ್ಟರೆ ಪ್ಯಾಕೇಜಿನ ಹಣ ಅದೇ ಆಸ್ಪತ್ರೆಗೆ ಬರುತ್ತದೆ. ತಜ್ಞರು, ಯಂತ್ರಗಳು ಇದ್ದಷ್ಟೂ ಹೊರಗೆ ಬರೆಯುವ ರೆಫರಲ್ ಕಡಿಮೆಯಾಗುತ್ತದೆ.

ಹಾಗೆಂದು ಕಾರ್ಡ್ ರದ್ದು ಮಾಡಿ ಎನ್ನುವುದೂ ತಪ್ಪು. ಎಲ್ಲ ದೊಡ್ಡ ಶಸ್ತ್ರಚಿಕಿತ್ಸೆಗಳನ್ನೂ ಸರ್ಕಾರಿ ಆಸ್ಪತ್ರೆಗಳೇ ಮಾಡುವ ಸ್ಥಿತಿ ಇನ್ನೂ ಬಂದಿಲ್ಲ. ಆದರೆ ಕಾರ್ಡ್ ಮುಖ್ಯವಾಗಿ ನಡೆಯುವುದು ಅಡ್ಮಿಟ್ ಆದಾಗ. ಬಿಪಿ, ಶುಗರಿಗೆ ತಿಂಗಳು ತಿಂಗಳೂ ಕೊಳ್ಳುವ ಮಾತ್ರೆಗೆ ಅದರಿಂದ ಬಿಡಿಗಾಸು ಬರುವುದಿಲ್ಲ. ಅವುಗಳಿಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ, ಅಲ್ಲಿ ಸಿಗದ್ದನ್ನು ಜನೌಷಧಿ ಅಂಗಡಿಯಲ್ಲಿ ಕೇಳಿ.