ಅರ್ಧಕ್ಕಿಂತ ಹೆಚ್ಚು ಮತ ಕಡ್ಡಾಯವಾದರೆ ಮೈತ್ರಿಯ ಚೌಕಾಸಿ ಹೆಚ್ಚುವುದೇ?

ಅಧ್ಯಕ್ಷೀಯ ಚುನಾವಣೆಯಲ್ಲಿ ಗೆಲ್ಲಲು ಶೇ 50ಕ್ಕಿಂತ ಹೆಚ್ಚು ಮತ ಬೇಕೆಂದು ನಿಯಮ ಮಾಡಿದರೆ ಸಣ್ಣ ಪಕ್ಷಗಳ ಚೌಕಾಸಿಗೆ ದಾರಿಯಾಗುತ್ತದೆ, ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆದ್ದರೆಂದರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಕೇಳಿದ್ದೀರಿ.

ಆಗಲೂ ಇರುತ್ತದೆ. ಮತದಾನಕ್ಕೆ ಮೊದಲೇ, ಮತದಾರರ ಕಣ್ಣಿಗೆ ಬೀಳದ ಹಾಗೆ ನಡೆದುಹೋಗುತ್ತದೆ, ಅಷ್ಟೇ.

ದಕ್ಷಿಣ ಕೊರಿಯಾವನ್ನು ನೋಡಿ. ಅಲ್ಲಿ ಒಂದೇ ಸುತ್ತು, ಕನಿಷ್ಠ ಶೇಕಡಾವಾರಿನ ಗೊಡವೆಯಿಲ್ಲ. 1987ರಲ್ಲಿ ವಿರೋಧ ಪಕ್ಷಗಳ ಇಬ್ಬರು ಕಿಮ್‌ಗಳು ಕಣದಲ್ಲಿದ್ದರು, ಇಬ್ಬರೂ ಹಿಂದೆ ಸರಿಯಲಿಲ್ಲ. ಕಿಮ್ ಯಂಗ್-ಸಾಮ್‌ಗೆ ಶೇ 28, ಕಿಮ್ ಡೇ-ಜಂಗ್‌ಗೆ ಶೇ 27. ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು. ಗೆದ್ದವರು ಮಾತ್ರ ಶೇ 36.6 ಪಡೆದ ಆಡಳಿತ ಪಕ್ಷದ ರೋ ಟೇ-ವೂ, ಮಾಜಿ ಸೇನಾಧಿಕಾರಿ. ಆ ಪೆಟ್ಟಿನಿಂದ ಇಬ್ಬರೂ ಪಾಠ ಕಲಿತರು, ಆದರೆ ಬೇರೆ ಬೇರೆ ಪಾಠ. ಮೊದಲನೆಯವರು 1990ರಲ್ಲಿ ತಮ್ಮ ಪಕ್ಷವನ್ನು ಅದೇ ರೋ ಅವರ ಪಕ್ಷದೊಂದಿಗೆ ವಿಲೀನಗೊಳಿಸಿ 1992ರ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು. ಎರಡನೆಯವರ ಕಥೆ ಇನ್ನೂ ವಿಚಿತ್ರ. 1973ರಲ್ಲಿ ಟೋಕಿಯೊದ ಹೋಟೆಲಿನಿಂದ ಅವರನ್ನು ಅಪಹರಿಸಿದ್ದು ಕೊರಿಯಾದ ಗುಪ್ತಚರ ಸಂಸ್ಥೆ. 1997ರಲ್ಲಿ ಅವರು ಕೈಜೋಡಿಸಿದ್ದು ಆ ಸಂಸ್ಥೆಯನ್ನು ಕಟ್ಟಿದ್ದ ಕಿಮ್ ಜೊಂಗ್-ಪಿಲ್ ಜೊತೆಗೆ! ಜೊಂಗ್-ಪಿಲ್‌ಗೆ ಪ್ರಧಾನಿ ಹುದ್ದೆ ಕೊಡಬೇಕು, ಸಂಸದೀಯ ಪದ್ಧತಿಗೆ ಬದಲಾಗಬೇಕು ಎಂಬುದು ಒಪ್ಪಂದ. ಹುದ್ದೆ ಸಿಕ್ಕಿತು, ಪದ್ಧತಿ ಬದಲಾಗಲಿಲ್ಲ. ಶೇ 40ರಷ್ಟು ಮತಗಳಲ್ಲೇ ಕಿಮ್ ಡೇ-ಜಂಗ್ ಗೆದ್ದರು.

ಮೊದಲ ಸುತ್ತಿನಲ್ಲಿ ಯಾರಿಗೂ ಬೇಕಾದಷ್ಟು ಮತ ಬಾರದಿದ್ದರೆ ಮೊದಲಿಬ್ಬರ ನಡುವೆ ಇನ್ನೊಮ್ಮೆ ಮತದಾನ ನಡೆಸುವ ಎರಡು ಸುತ್ತಿನ ಪದ್ಧತಿಯಲ್ಲಿ ಇದೇ ವ್ಯಾಪಾರ ಎರಡು ಸುತ್ತುಗಳ ನಡುವೆ, ಬಹಿರಂಗವಾಗಿ ನಡೆಯುತ್ತದೆ. 2022ರಲ್ಲಿ ಬ್ರೆಜಿಲ್‌ನ ಲೂಲಾ ಮೊದಲ ಸುತ್ತಿನಲ್ಲಿ ಶೇ 48.4ಕ್ಕೆ ನಿಂತರು. ಮೂರನೆಯ ಸ್ಥಾನದಲ್ಲಿದ್ದ ಸಿಮೋನ್ ಟೆಬೆಟ್ ಬಳಿ ಇದ್ದದ್ದು ಶೇ 4 ಚಿಲ್ಲರೆ. ಕೆಲವೇ ದಿನಗಳಲ್ಲಿ ಅವರು ಲೂಲಾಗೆ ಬೆಂಬಲ ಘೋಷಿಸಿದರು, ಮುಂದೆ ಯೋಜನಾ ಸಚಿವೆಯಾದರು. ಅರ್ಜೆಂಟೀನಾದಲ್ಲಿ 2023ರಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದ ಮಾಸಾ ಎರಡನೆಯದರಲ್ಲಿ ಮಿಲೈ ಎದುರು ಸೋತರು. ಮೂರನೆಯ ಸ್ಥಾನ ಪಡೆದ ಬುಲ್ರಿಚ್ ಮಿಲೈ ಕಡೆ ವಾಲಿದ್ದರು, ಅವರಿಗೂ ಸಚಿವ ಸ್ಥಾನ ಸಿಕ್ಕಿತು. ಚೌಕಾಸಿ ಇಲ್ಲಿಯೂ ಇದೆ, ನಿಜ. ಆದರೆ ಯಾರು ಯಾರ ಪಕ್ಕ ನಿಂತಿದ್ದಾರೆಂದು ನೋಡಿದ ಮೇಲೆ ಮತದಾರ ಇನ್ನೊಮ್ಮೆ ಮತಗಟ್ಟೆಗೆ ಹೋಗುತ್ತಾನೆ. ನನಗೆ ಈ ಪದ್ಧತಿಯೇ ಮೇಲೆನಿಸುವುದು ಈ ಕಾರಣಕ್ಕೆ. (ಮೊದಲ ಸುತ್ತಿನಲ್ಲಿ ಒಂದೇ ಬಣದವರು ಹೇಗೆ ಬೇಕಾದರೂ ಹರಿದು ಹಂಚಿಹೋಗಬಹುದು ಎಂದುಕೊಂಡರೆ ಮಾತ್ರ ಕೆಟ್ಟಂತೆ. 2002ರಲ್ಲಿ ಫ್ರಾನ್ಸ್‌ನ ಎಡಪಂಥೀಯರು ಹಾಗೆ ಮಾಡಿದ್ದರಿಂದ ಅವರದೇ ಬಣದ, ಪ್ರಧಾನಿಯಾಗಿದ್ದ ಜೋಸ್ಪಾನ್ ಎರಡನೆಯ ಸುತ್ತಿಗೇ ಹೋಗಲಿಲ್ಲ.)

ಎರಡನೆಯ ಮತದಾನದ ಖರ್ಚು ಉಳಿಸುವ ಉಪಾಯವೂ ಒಂದಿದೆ, ಪ್ರಾಶಸ್ತ್ಯ ಮತ. ಶ್ರೀಲಂಕಾದಲ್ಲಿ ಮತಪತ್ರದಲ್ಲೇ 1, 2, 3 ಎಂದು ಗುರುತಿಸಬಹುದು. ಯಾರೂ ಅರ್ಧ ದಾಟದಿದ್ದರೆ ಮೊದಲಿಬ್ಬರನ್ನು ಉಳಿಸಿಕೊಂಡು, ಉಳಿದವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯ ಎಣಿಸುತ್ತಾರೆ. ಕಾಗದದ ಮೇಲೆ ಸೊಗಸಾಗಿದೆ. ಇದರ ಅಗತ್ಯ ಮೊದಲ ಬಾರಿಗೆ ಬಿದ್ದದ್ದು 2024ರಲ್ಲಿ. ಅನುರ ಕುಮಾರ ದಿಸ್ಸಾನಾಯಕೆ ಶೇ 42.3, ಸಜಿತ್ ಪ್ರೇಮದಾಸ ಶೇ 32.8. ಹೊರಬಿದ್ದವರ ಖಾತೆಯಲ್ಲಿ ಸುಮಾರು 33 ಲಕ್ಷ ಮತಗಳಿದ್ದವು. ಅವುಗಳಲ್ಲಿ ಈ ಇಬ್ಬರಿಗೆ ವರ್ಗವಾದದ್ದು 2,73,131 ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ಪ್ರೇಮದಾಸ ಅವರಿಗೆ. ಉಳಿದ 30 ಲಕ್ಷ ಮತಪತ್ರಗಳಲ್ಲಿ ಈ ಇಬ್ಬರ ಹೆಸರಿನ ಮುಂದೆ ಯಾವ ಅಂಕಿಯೂ ಇರಲಿಲ್ಲ. ದಿಸ್ಸಾನಾಯಕೆ ಅಧ್ಯಕ್ಷರಾದರು. ಎರಡನೆಯ ಎಣಿಕೆಯ ನಂತರವೂ ಒಟ್ಟು ಸಿಂಧು ಮತಗಳಲ್ಲಿ ಅವರ ಪಾಲು ಶೇ 43.