ಕೇಮನ್‌ಗೆ ಕಪ್ 2 ಟೈರು: ನನ್ನ ಸಲಹೆ

ಮಾನ್ಯರೇ, ವಾರಾಂತ್ಯದಲ್ಲಿ ಮೈಸೂರು–ಬೆಂಗಳೂರು ಓಡಿಸುವ ನಿಮ್ಮ ಪೋರ್ಷೆ ಕೇಮನ್ ಕಾರಿಗೆ ಮಿಷೆಲಿನ್ ಕಂಪನಿಯ ಪೈಲಟ್ ಸ್ಪೋರ್ಟ್ ಕಪ್ 2 ಟೈರು ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಅದೇ ಕಂಪನಿಯ ಪೈಲಟ್ ಸ್ಪೋರ್ಟ್ 4ಎಸ್ ನಿಮ್ಮ ಬಳಕೆಗೆ ಹೆಚ್ಚು ಸೂಕ್ತ.

ಕಪ್ 2 ಮುಖ್ಯವಾಗಿ ರೇಸ್ ಟ್ರ್ಯಾಕ್‌ಗೆಂದೇ ರೂಪಿಸಿದ ಟೈರಾದ್ದರಿಂದ ಅದರ ರಬ್ಬರು ಚೆನ್ನಾಗಿ ಬಿಸಿಯೇರಿದ ಮೇಲೆಯೇ ಪೂರ್ಣ ಹಿಡಿತ ಕೊಡುತ್ತದೆ, ನಿಂತ ನೀರನ್ನು ಹೊರಗೆ ತಳ್ಳುವ ಶಕ್ತಿಯೂ ಅದಕ್ಕೆ ಕಡಿಮೆ. ಮದ್ದೂರಿನ ಬಳಿ ಸಂಜೆಮಳೆ ಸುರಿದು ಹೆದ್ದಾರಿಯ ಮೇಲೆ ನೀರು ಹರಡಿಕೊಂಡಾಗ ಚಕ್ರಗಳು ನೀರಿನ ಮೇಲೆ ತೇಲಿ, ಕೈಯಲ್ಲಿರುವ ಸ್ಟೀರಿಂಗು ಇದ್ದಕ್ಕಿದ್ದಂತೆ ಹಗುರಾಗುವುದು ಬಹಳ ಅಪಾಯಕಾರಿ. ಸವೆತ ತಾಳುವ ಅಂಕಿಯೂ (ಟ್ರೆಡ್‌ವೇರ್) ಕಪ್ 2ಕ್ಕೆ 180, 4ಎಸ್‌ಗೆ 300; ಅಂಕಿ ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು.

ಕೊಳ್ಳುವಾಗ ಪೋರ್ಷೆ ಒಪ್ಪಿಗೆಯ ‘ಎನ್’ ಗುರುತು ಇರುವುದನ್ನೇ ಕೇಳಿ. ಟೈರಿನ ಬದಿಯ ಮೇಲೆ DOT (ಡಾಟ್) ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ನೀವೇ ಬಗ್ಗಿ ಓದಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನನಗೊಮ್ಮೆ ಅಂಗಡಿಯೊಂದರಲ್ಲಿ ಮೂರು ವರ್ಷ ಹಳೆಯ ಟೈರು ಹಾಕಿಕೊಟ್ಟಿದ್ದರು, ಗೊತ್ತಾದದ್ದು ಮನೆಗೆ ಬಂದ ಮೇಲೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಅಂದೇ ವೀಲ್ ಅಲೈನ್‌ಮೆಂಟ್ ಮಾಡಿಸಿ.